ಉಬ್ಬದ ಹಿಟ್ಟು

ಒಮ್ಮೆ ಕುಡಿದ ನೀರನ್ನೇ ಮತ್ತೆ ಕುಡಿಯುವ ಊರು ಎಂದರೆ ಹೊರಗಿನವರು ಈಗಲೂ ಮೂಗು ಮುರಿಯುತ್ತಾರೆ. ಮೊದಮೊದಲು ಮರಳುಕೋಟೆಯವರೂ ಮುರಿದಿದ್ದರು. ಆದರೆ ಎರಡು ಸಾವಿರದ ಅರವತ್ತರ ಆ ದಶಕದಲ್ಲಿ ಎಷ್ಟು ಆಳಕ್ಕೆ ಕೊರೆದರೂ ಕೊಳವೆಬಾವಿಯಿಂದ ಬರೀ ಬಿಸಿ ಗಾಳಿ ಬರುತ್ತಿತ್ತು. ಬೇರೆ ದಾರಿ ಇರಲಿಲ್ಲ. ಊರಿನ ಬಚ್ಚಲು, ಅಡುಗೆಮನೆ, ಆಸ್ಪತ್ರೆ ಎಲ್ಲದರ ನೀರೂ ಒಂದೇ ಕೊಳವೆ ಸೇರಿ ಊರಾಚೆಯ ಘಟಕಕ್ಕೆ ಹೋಗಿ, ಅಲ್ಲಿ ಸೋಸಿಸಿಕೊಂಡು, ಶುದ್ಧವಾಗಿ, ಮತ್ತೆ ಮನೆಮನೆಯ ನಲ್ಲಿಗೆ ಬರುವ ಏರ್ಪಾಡಾಯಿತು. ಕೆಲವು ತಿಂಗಳಲ್ಲಿ ಜನ ಅದನ್ನು ಮರೆತೇಬಿಟ್ಟರು. ನಲ್ಲಿ ತಿರುಗಿಸಿದರೆ ನೀರು ಬಂತಲ್ಲ, ಸಾಕು.

ಹೀಗೆ ಸುತ್ತುವ ನೀರಿಗೆ ಒಂದು ದೊಡ್ಡ ತೊಡಕಿದೆ. ನಾವು ನುಂಗಿದ ಆ್ಯಂಟಿಬಯೋಟಿಕ್ ಮಾತ್ರೆಯೆಲ್ಲ ಮೈಯಲ್ಲೇ ಕರಗಿಹೋಗುವುದಿಲ್ಲ. ಅರ್ಧಕ್ಕರ್ಧ ಹಾಗೇ ಹೊರಗೆ ಬಂದು ಚರಂಡಿ ಸೇರುತ್ತದೆ. ಹರಿದುಹೋಗುವ ನೀರಾದರೆ ಅದು ಎಲ್ಲೋ ತೆಳುವಾಗುತ್ತದೆ, ಸುತ್ತುವ ನೀರಿನಲ್ಲಿ ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಅಷ್ಟಿಷ್ಟು ಔಷಧಿಯಲ್ಲೇ ಈಜಾಡಿದ ರೋಗಾಣುಗಳು ಅದಕ್ಕೆ ಒಗ್ಗಿಕೊಂಡು, ನಾಳೆ ನಿಜವಾಗಿ ಜ್ವರ ಬಂದವನಿಗೆ ಅದೇ ಔಷಧಿ ಕೊಟ್ಟರೆ ಕ್ಯಾರೇ ಅನ್ನುವುದಿಲ್ಲ. ಇದನ್ನು ತಡೆಯಲೆಂದೇ ಘಟಕದ ಕೊನೆಯಲ್ಲಿ ಒಂದು ದೊಡ್ಡ ಶೆಡ್ಡು ಕಟ್ಟಿದ್ದರು. ಅದರೊಳಗೆ ಉದ್ದುದ್ದ ಗಾಜಿನ ಕೊಳವೆಗಳಲ್ಲಿ ನೇರಳಾತೀತ ಬೆಳಕಿನ ಲ್ಯಾಂಪುಗಳು. ನೀರು ಅವುಗಳ ಸಂದಿಯಲ್ಲಿ ಹರಿಯುವಾಗ ಬೆಳಕು ಔಷಧಿಯ ಕಣಕ್ಕೆ ತಗಲಿ ಅದರ ಕಟ್ಟು ಬಿಚ್ಚಿಹಾಕುತ್ತದೆ. ಊರವರು ಆ ಶೆಡ್ಡನ್ನು ಬೆಳಕಿನ ಮನೆ ಎಂದು ಕರೆದರು.

ಬೆಳಕಿನ ಮನೆಯ ಯಜಮಾನಿ ಮೇದಿನಿ. ರಸಾಯನಶಾಸ್ತ್ರ ಓದಿದವಳು, ಮಾತಿನಲ್ಲಿ ಖಡಕ್ಕು, ಕೆಲಸದಲ್ಲಿ ಅದಕ್ಕಿಂತ ಖಡಕ್ಕು. ಲ್ಯಾಂಪುಗಳನ್ನು ಪೂರ್ತಿ ಉರಿಸಬೇಕಾಗಿಲ್ಲ, ನೂರಕ್ಕೆ ನಲವತ್ತರಷ್ಟು ಬೆಳಕಿಗೇ ಮೀಟರಿನಲ್ಲಿ ಆ್ಯಂಟಿಬಯೋಟಿಕ್ ಸೊನ್ನೆಗೆ ಇಳಿಯುತ್ತದೆ ಎಂದು ಕಂಡುಹಿಡಿದವಳು ಅವಳೇ. ಅದರಿಂದ ಉಳಿದ ವಿದ್ಯುತ್ತಿನಲ್ಲಿ ಊರಿನ ಬೀದಿದೀಪಗಳೆಲ್ಲ ಉರಿಯುತ್ತಿದ್ದವು. ಜಲಮಂಡಳಿಯವರು ಶಾಲು ಹೊದಿಸಿ ಪ್ರಶಸ್ತಿ ಕೊಟ್ಟಿದ್ದರು. ಮೇದಿನಿಗೆ ತನ್ನ ಸೊನ್ನೆಯ ಮೇಲೆ ಭಾರಿ ನಂಬಿಕೆ, ಸ್ವಲ್ಪ ಜಂಬವೂ ಇತ್ತು ಅನ್ನಿ.

ಅಂಥವಳ ಮನೆಯಲ್ಲೇ ಇಡ್ಲಿ ಹಿಟ್ಟು ಉಬ್ಬುತ್ತಿರಲಿಲ್ಲ.

ಅವಳ ಅತ್ತೆ ಸ್ಪಂದನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಇಡ್ಲಿ ಹೋಟೆಲು ನಡೆಸುತ್ತಿದ್ದರು. ಅವರು ಹುಟ್ಟಿದ ಕಾಲದಲ್ಲಿ ಹೆಣ್ಣುಮಗುವಿಗೆ ಸ್ಪಂದನ ಎಂದು ಹೆಸರಿಡುವುದು ಫ್ಯಾಶನ್ನು, ಈಗ ಅದು ಪಕ್ಕಾ ಅಜ್ಜಿ ಹೆಸರು. ಊರಿನಲ್ಲಿ ಉಳಿದವರೆಲ್ಲ ಹೊರಗಿನಿಂದ ಬರುವ ಪ್ಯಾಕೆಟ್ ಹಿಟ್ಟು ತರುತ್ತಿದ್ದಾಗ, ಅಕ್ಕಿ ಉದ್ದು ನೆನೆಸಿ, ರುಬ್ಬಿ, ಉಪ್ಪು ಹಾಕಿ, ಮೊಣಕೈವರೆಗೂ ಕೈಯಿಳಿಸಿ ಕಲಸುತ್ತಿದ್ದವರು ಅವರೊಬ್ಬರೇ. ಸ್ಪಂದನಮ್ಮನ ಕೈಗುಣ ಎಂದು ಜನ ಹೇಳಿದರೆ ಅವರು ಬಾಯಲ್ಲಿ "ಏ, ಎಲ್ಲಾ ದೇವರ ದಯೆ" ಅನ್ನುತ್ತಿದ್ದರು, ಮುಖ ಮಾತ್ರ ಅರಳುತ್ತಿತ್ತು.

ಹೊಸ ನೀರು ಬಂದ ಮೇಲೆ ಹಿಟ್ಟು ಮಂಕಾಯಿತು. ಸಂಜೆ ಇಟ್ಟದ್ದು ಬೆಳಿಗ್ಗೆ ಇಟ್ಟ ಹಾಗೇ, ಒಂದು ಗುಳ್ಳೆಯೂ ಇಲ್ಲದೆ, ಮೇಲೆ ನೀರು ಬಿಟ್ಟುಕೊಂಡು ಕೂತಿರುತ್ತಿತ್ತು. ಉದ್ದು ಬದಲಾಯಿಸಿದರು. ಅಕ್ಕಿ ಬದಲಾಯಿಸಿದರು. ನೀರನ್ನು ಕುದಿಸಿ ಆರಿಸಿ ಹಾಕಿದರು. ಪಾತ್ರೆಗೆ ಕಂಬಳಿ ಹೊದಿಸಿದರು. ಏನು ಮಾಡಿದರೂ ಇಡ್ಲಿ ಚಪ್ಪಟೆ, ಗಟ್ಟಿ. ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಪ್ಯಾಕೆಟ್ ಇಡ್ಲಿಯ ಅಂಗಡಿಗೆ ದಾಟಿದರು.

"ನೀರನ್ನಾದ್ರೂ ನೋಡೇ ಮೇದಿನಿ," ಎಂದು ಸ್ಪಂದನಮ್ಮ ಒಂದು ಬೆಳಿಗ್ಗೆ ಕೇಳಿದ್ದರು.

ಮೇದಿನಿ ಅಡುಗೆಮನೆ ನಲ್ಲಿಯ ನೀರನ್ನೇ ಬಾಟಲಿಯಲ್ಲಿ ಹಿಡಿದುಕೊಂಡು ಹೋಗಿ, ಮೀಟರಿಗೆ ಕೊಟ್ಟು, ಸಂಜೆ ಬಂದು ಎದೆ ತಟ್ಟಿ ಹೇಳಿದಳು. "ಅತ್ತೆ, ಆ್ಯಂಟಿಬಯೋಟಿಕ್ ಸೊನ್ನೆ. ಕ್ಲೋರಿನ್ ನೀವು ಕುದಿಸಿದಾಗಲೇ ಹೋಗಿರುತ್ತೆ. ನೀರಿಂದು ಏನೂ ತಪ್ಪಿಲ್ಲ."

"ಹಂಗಾದ್ರೆ ತಪ್ಪು ನಂದೇ," ಅಂದರು ಸ್ಪಂದನಮ್ಮ. ಸಿಟ್ಟಿನಿಂದಲ್ಲ, ಲೆಕ್ಕ ಮುಗಿಸಿದವರ ಹಾಗೆ. "ಕೈ ಹೋಯ್ತು ಕಣೆ ನಂದು. ವಯಸ್ಸಾಯ್ತು."

ಮೇದಿನಿ ಹೇಳಿದ್ದು ನೀರಿನ ಮಾತು. ಅದು ಅತ್ತೆಯ ಕೈಗೆ ಕೊಟ್ಟ ತೀರ್ಪಾಗುತ್ತದೆಂದು ಅವಳು ಎಣಿಸಿರಲಿಲ್ಲ. ಆಮೇಲೆ ಸ್ಪಂದನಮ್ಮ ಒಂದೊಂದನ್ನೇ ಬಿಡತೊಡಗಿದರು. ಮಾವಿನಕಾಯಿ ಬಂದಾಗ ಉಪ್ಪಿನಕಾಯಿ ಹಾಕಲಿಲ್ಲ. ಪಕ್ಕದ ಬೀದಿಯ ಬಾಣಂತಿ ಮಗುವಿಗೆ ಮೊದಲ ತುತ್ತು ನೀವೇ ತಿನ್ನಿಸಿ ಎಂದು ಕರೆದರೆ, ನನ್ನ ಕೈ ಬೇಡಮ್ಮ, ಬೇರೆ ಯಾರನ್ನಾದರೂ ಕರಿ ಎಂದುಬಿಟ್ಟರು. ಗಾಳಿ ವಿದ್ಯುತ್ ಕಂಪನಿಯ ಕೆಲಸದ ಮೇಲೆ ಗದಗದಲ್ಲಿದ್ದ ಮಗ ಫೋನಿನಲ್ಲಿ, "ಅಮ್ಮ, ವಿಶ್ರಾಂತಿ ತಗೊಳ್ಳಿ" ಅಂದ. ಅದು ಅವರನ್ನು ಇನ್ನೂ ಕುಗ್ಗಿಸಿತು. ದೀಪಾವಳಿ ಕಳೆದ ಮೇಲೆ ಹೋಟೆಲು ಮುಚ್ಚುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು.

ಬೆಳಕಿನ ಮನೆಯಲ್ಲಿ ಆಯುಧಪೂಜೆ ಎಂದರೆ ಸಣ್ಣ ಸಂಗತಿಯಲ್ಲ. ಆಪರೇಟರ್ ಮುನಿಕಿರಣ ಅದರ ಪೂಜಾರಿ, ವ್ಯವಸ್ಥಾಪಕ, ಪ್ರಸಾದದ ಖಜಾಂಚಿ ಎಲ್ಲವೂ. ಪಂಪು, ವಾಲ್ವು, ಕಂಪ್ಯೂಟರು, ಮೂಲೆಯ ಏಣಿ ಯಾವುದೂ ವಿಭೂತಿಯಿಲ್ಲದೆ ಉಳಿಯಬಾರದು. ಹೋದ ವರ್ಷ ಆತ ಲ್ಯಾಂಪಿನ ಗಾಜಿಗೇ ಮೂರು ಪಟ್ಟೆ ಎಳೆಯಲು ಹೋಗಿ ಮೇದಿನಿಯ ಕೈಯಲ್ಲಿ ಸಿಕ್ಕಿಬಿದ್ದಿದ್ದ. ಗಾಜಿನ ಮೇಲೆ ಏನಾದರೂ ಮೆತ್ತಿದರೆ ಬೆಳಕು ನೀರಿಗೆ ದಾಟುವುದಿಲ್ಲ ಎಂದು ಅವಳು ಪಾಠ ಮಾಡಿದ್ದಳು. ಈ ವರ್ಷ ಅವಳು ನಿಂತು ನೋಡಿದಳು. ಗಾಜಿನ ತಂಟೆಗೆ ಯಾರೂ ಹೋಗಲಿಲ್ಲ. ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು. ಮೇದಿನಿ ಸೆರಗಿನ ತುಂಬ ಕಡ್ಲೆಪುರಿ ಕಟ್ಟಿಕೊಂಡು ರಜೆಗೆ ಮನೆಗೆ ಬಂದಳು.

ವಿಜಯದಶಮಿ ಕಳೆದ ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಬಂತು. ಮೇದಿನಿ ಹಾಲು ಉಕ್ಕಿತೇನೋ ಅಂದುಕೊಂಡು ಓಡಿದಳು. ಉಕ್ಕಿದ್ದು ಹಿಟ್ಟು. ಪಾತ್ರೆಯ ಮುಚ್ಚಳ ಎತ್ತಿಕೊಂಡು, ಅಂಚಿನಿಂದಿಳಿದು, ಕಟ್ಟೆಯ ಮೇಲೆಲ್ಲ ಹರಡಿತ್ತು. ಸ್ಪಂದನಮ್ಮ ಅದನ್ನು ಒರೆಸುವುದನ್ನೂ ಬಿಟ್ಟು ನೋಡುತ್ತಾ ನಿಂತಿದ್ದರು.

"ಹುಳಿ ವಾಸನೆ ನೋಡೇ!" ಅಂದರು. "ಅಮ್ಮನೋರು ಕಣ್ಣು ಬಿಟ್ರು."

ಆ ದಿನದ ಇಡ್ಲಿ ಹತ್ತಿಯ ಹಾಗಿತ್ತು. ಮರುದಿನದ್ದೂ ಹಾಗೇ. ಎದುರಂಗಡಿಗೆ ಹೋಗಿದ್ದವರು ತಲೆ ತಗ್ಗಿಸಿಕೊಂಡು ವಾಪಸು ಬಂದರು, ಸ್ಪಂದನಮ್ಮ ಏನೂ ಆಗದವರ ಹಾಗೆ ಚಟ್ನಿ ಬಡಿಸಿದರು. ಮೇದಿನಿಗೂ ಖುಷಿಯಾಯಿತು. ಸೆಕೆ ಹೆಚ್ಚಾಗಿರಬೇಕು, ಅದಕ್ಕೆ ಉಬ್ಬಿದೆ ಎಂದು ಮನಸ್ಸಿನಲ್ಲೇ ಕಾರಣ ಹೇಳಿಕೊಂಡಳು.

ರಜೆ ಮುಗಿಸಿ ಕಂಟ್ರೋಲ್ ರೂಮಿಗೆ ಹೋದರೆ ಪರದೆಯ ಮೇಲೆ ಕೆಂಪು ಗೆರೆಗಳು. ಲ್ಯಾಂಪುಗಳೆಲ್ಲ ನಲವತ್ತು ಬಿಟ್ಟು ನೂರಕ್ಕೆ ನೂರು ಉರಿಯುತ್ತಿದ್ದವು. ಲ್ಯಾಂಪುಗಳ ಪಕ್ಕದಲ್ಲಿ ಒಣ ಕೊಳವೆಯೊಳಗೆ ಬೆಳಕನ್ನು ಅಳೆಯುವ ಸೆನ್ಸರುಗಳಿದ್ದವು. ಬೆಳಕು ಕಡಿಮೆಯಾಗಿದೆ ಎಂದು ಸೆನ್ಸರು ಹೇಳಿದರೆ ಕಂಪ್ಯೂಟರು ತಾನೇ ಲ್ಯಾಂಪನ್ನು ಜೋರು ಮಾಡುತ್ತದೆ. ಮೂರು ಸೆನ್ಸರುಗಳೂ ಕತ್ತಲೆ, ಕತ್ತಲೆ ಎಂದು ಕೂಗುತ್ತಿದ್ದವು.

ಮೇದಿನಿ ಮುನಿಕಿರಣನನ್ನು ಕರೆದುಕೊಂಡು ಹೋಗಿ ಮೊದಲ ಸೆನ್ಸರನ್ನು ಹೊರಗೆಳೆಸಿದಳು. ಅದರ ಪುಟ್ಟ ಗಾಜಿನ ನಟ್ಟನಡುವೆ ಗಂಧ, ಗಂಧದ ಮೇಲೆ ಕುಂಕುಮ. ಅಚ್ಚುಕಟ್ಟಾದ ಬೊಟ್ಟು.

"ಏನಿದು ಮುನಿಕಿರಣಣ್ಣ?"

"ಲ್ಯಾಂಪಿನ ಗಾಜು ಮುಟ್ಟಬೇಡಿ ಅಂದ್ರಲ್ಲ ಮೇಡಂ, ಮುಟ್ಟಲಿಲ್ಲ," ಅಂದ ಮುನಿಕಿರಣ. "ಇದು ಮಿಷನ್ನಿನ ಕಣ್ಣು. ಇಷ್ಟು ದಿನ ರೆಪ್ಪೆ ಮುಚ್ಚದೆ ನೋಡ್ತಾ ಐತೆ, ಅದಕ್ಕೊಂದು ಬೊಟ್ಟು ಬೇಡ್ವಾ? ಮೂರಕ್ಕೂ ಇಟ್ಟೆ."

ಮೇದಿನಿಗೆ ಬೈಯಬೇಕೆಂದರೂ ನಗು ಬಂತು. ತಾನೇ ಹತ್ತಿಗೆ ಸ್ಪಿರಿಟ್ ಹಚ್ಚಿ ಮೂರೂ ಕಣ್ಣುಗಳನ್ನು ಒರೆಸಿದಳು. ಕೆಂಪು ಗೆರೆಗಳು ಮಾಯವಾದವು. ಲ್ಯಾಂಪುಗಳು ನಲವತ್ತಕ್ಕೆ ಇಳಿದವು. ಎಲ್ಲ ಸರಿಹೋಯಿತೆಂದು ಅವಳು ನೆಮ್ಮದಿಯಿಂದ ಕಾಫಿ ತರಿಸಿಕೊಂಡಳು.

ಎರಡು ದಿನ ಕಳೆದು ಬೆಳಿಗ್ಗೆ ಎದ್ದು ಬಂದರೆ ಸ್ಪಂದನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಹಿಟ್ಟು ಮತ್ತೆ ಹೆಪ್ಪುಗಟ್ಟಿದ ಹಾಗೆ ಪಾತ್ರೆಯ ತಳದಲ್ಲಿತ್ತು.

"ದೀಪಾವಳಿವರೆಗೂ ಬೇಡ ಕಣೆ," ಅಂದರು. "ಇವತ್ತೇ ಗ್ರೈಂಡರ್ ಕೊಟ್ಬಿಡ್ತೀನಿ. ಹೋಗಿದ್ದು ಹೋಯ್ತು ಅಂತಾದ್ರೂ ಇದ್ದೆ. ಕೊಟ್ಟು ಕಿತ್ಕೊಂಡ್ರೆ ಹೆಂಗೆ ಹೇಳು?" ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೇದಿನಿ ಈ ಮನೆಗೆ ಬಂದ ಮೇಲೆ ಅತ್ತೆ ಅತ್ತದ್ದನ್ನು ನೋಡಿರಲಿಲ್ಲ.

ಪಕ್ಕದಲ್ಲಿ ಕೂತು ಸಮಾಧಾನ ಹೇಳಲು ಬಾಯಿ ತೆರೆದವಳು ಹಾಗೇ ತಡೆದಳು. ಹಿಟ್ಟು ಉಬ್ಬಲು ಶುರುವಾದದ್ದು ಆಯುಧಪೂಜೆಯ ಮೇಲೆ. ನಿಂತದ್ದು ತಾನು ಬೊಟ್ಟು ಒರೆಸಿದ ಮೇಲೆ.

"ಅತ್ತೆ, ಗ್ರೈಂಡರ್ ಕೊಡಬೇಡಿ," ಎಂದಳು. "ನಿಮಗೆ ಯಾರೂ ಕೊಟ್ಟು ಕಿತ್ಕೊಂಡಿಲ್ಲ. ಕಿತ್ಕೊಂಡಿದ್ದು ನಾನು ಅನ್ಸುತ್ತೆ."

ಅಲ್ಲೇ ಕೂತು ವಿವರಿಸಿದಳು. ಔಷಧಿಯ ಕಣ ಒಂದು ಚೇಳು ಅನ್ನಿ. ಮೀಟರಿಗೆ ಗೊತ್ತಿರುವುದು ಇಡೀ ಚೇಳಿನ ತೂಕ ಮಾತ್ರ. ನಲವತ್ತರ ಬೆಳಕು ಚೇಳಿನ ಕಾಲು ಕತ್ತರಿಸುತ್ತದೆ. ತೂಕ ಬದಲಾಯಿತು, ಚೇಳು ಇಲ್ಲ ಎಂದು ಮೀಟರು ಸೊನ್ನೆ ತೋರಿಸುತ್ತದೆ. ಆದರೆ ಕೊಂಡಿ ಇರುವುದು ಬಾಲದಲ್ಲಿ. ಕಾಲಿಲ್ಲದ ಚೇಳೂ ಕುಟುಕುತ್ತದೆ. ಹಿಟ್ಟನ್ನು ಹುಳಿ ಮಾಡುವ ಜೀವಾಣುಗಳನ್ನು ಕುಟುಕುತ್ತಿರುವುದು ಆ ತುಂಡುಗಳೇ ಇರಬೇಕು. ಬೊಟ್ಟಿನಿಂದ ಸೆನ್ಸರಿಗೆ ಕಣ್ಣು ಕಾಣದೆ ಲ್ಯಾಂಪು ಪೂರ್ತಿ ಉರಿದಾಗ ಬಾಲವೂ ಪುಡಿಯಾಗಿದೆ.

ಸ್ಪಂದನಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಸಂತೋಷಪಡುತ್ತಾರೆ ಎಂದು ಮೇದಿನಿ ಕಾದಳು. ಅವರ ಹುಬ್ಬು ಗಂಟಾಯಿತು.

"ಹಿಟ್ಟಲ್ಲಿರೋ ಜೀವಾನ ಬಿಡದ ನೀರು ಹೊಟ್ಟೇಲಿರೋದನ್ನ ಬಿಡುತ್ತೇನೆ? ಊರೆಲ್ಲಾ ಅದನ್ನೇ ಕುಡೀತಾ ಐತಲ್ಲೇ!"

ಮೇದಿನಿ ಇನ್ನೂ ಅಡುಗೆಮನೆಯನ್ನು ದಾಟಿ ಯೋಚಿಸಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ತಿಂಡಿಯನ್ನೂ ತಿನ್ನದೆ ಘಟಕಕ್ಕೆ ಓಡಿದಳು. ಹೋದವಳೇ ಮಾಡಿದ ಮೊದಲ ಕೆಲಸ, ಯಾರ ಅಪ್ಪಣೆಗೂ ಕಾಯದೆ ಲ್ಯಾಂಪುಗಳನ್ನು ಪೂರ್ತಿ ಜೋರು ಮಾಡಿದ್ದು.

"ಮತ್ತೆ ಬೊಟ್ಟು ಇಡ್ಲಾ ಮೇಡಂ?" ಎಂದು ಮುನಿಕಿರಣ ಆಸೆಯಿಂದ ಕೇಳಿದ.

"ಬೇಡ. ಈ ಸಲ ಕಣ್ಣು ಬಿಟ್ಕೊಂಡೇ ಉರಿಸೋಣ."

ಆಮೇಲೆ ಪ್ರಯೋಗಾಲಯ ಅಡುಗೆಮನೆಯಾಯಿತು. ಬೇರೆಬೇರೆ ಪ್ರಮಾಣದ ಬೆಳಕು ತಗಲಿದ ನೀರನ್ನು ಬೇರೆಬೇರೆ ಹಿಡಿದು, ಒಂದೇ ಅಕ್ಕಿ ಒಂದೇ ಉದ್ದಿನ ಹಿಟ್ಟನ್ನು ಆ ನೀರಿನಲ್ಲಿ ರುಬ್ಬಿ, ಸೌಟಿನಲ್ಲಿ ಕಲಸಿ, ಸ್ಟೀಲ್ ಲೋಟಗಳಲ್ಲಿ ಸಾಲಾಗಿ ಇಟ್ಟರು. ಹೋಲಿಕೆಗೆ ಇರಲಿ ಎಂದು ಒಂದು ಲೋಟಕ್ಕೆ ಆಸ್ಪತ್ರೆಯಿಂದ ತರಿಸಿದ ಭಟ್ಟಿ ಇಳಿಸಿದ ನೀರು. ಬೆಳಿಗ್ಗೆ ನೋಡಿದರೆ ಭಟ್ಟಿ ನೀರಿನ ಲೋಟ ಉಕ್ಕಿತ್ತು. ನಲವತ್ತರ ಲೋಟ ಕಲ್ಲು. ಎಪ್ಪತ್ತರದು ಏಳಲೋ ಬೇಡವೋ ಎಂದು ಅರ್ಧಕ್ಕೆ ನಿಂತಿತ್ತು. ಪೂರ್ತಿ ಬೆಳಕಿನದು ಲೋಟದ ಅಂಚು ದಾಟಿತ್ತು. ಮೇದಿನಿ ಅಷ್ಟಕ್ಕೇ ಬಿಡಲಿಲ್ಲ. ಮುರಿದ ತುಂಡಿಗೆ ಎಷ್ಟು ತೂಕವಿರಬಹುದೆಂದು ಲೆಕ್ಕ ಹಾಕಿ, ಅದನ್ನೇ ಹುಡುಕು ಎಂದು ಮೀಟರಿಗೆ ಹೇಳಿದಳು. ಇಷ್ಟು ದಿನ ಸೊನ್ನೆ ಎನ್ನುತ್ತಿದ್ದ ಅದೇ ಮೀಟರಿನಲ್ಲಿ ನಲವತ್ತರ ನೀರಿಗೆ ಗೋಪುರದಂಥ ಗೆರೆ ಎದ್ದಿತು, ಪೂರ್ತಿ ಬೆಳಕಿನ ನೀರಿಗೆ ಗೆರೆ ನೆಲ ಬಿಟ್ಟು ಏಳಲಿಲ್ಲ.

ಜಲಮಂಡಳಿಯ ಮುಖ್ಯ ಎಂಜಿನಿಯರ್ ಶ್ರೇಯಸ್ ಅಷ್ಟೊತ್ತಿಗೆ ವಿದ್ಯುತ್ತಿನ ಲೆಕ್ಕ ನೋಡಿ ಪರದೆಯ ಮೇಲೆ ಪ್ರತ್ಯಕ್ಷರಾಗಿದ್ದರು. ಮೇದಿನಿ ಎರಡು ಲೋಟಗಳನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು.

"ನಮ್ಮ ರೂಲ್ಸಲ್ಲಿ ಇಡ್ಲಿ ಹಿಟ್ಟು ಅಂತ ಎಲ್ಲಿದೆ ಮೇಡಂ?" ಅಂದರು ಶ್ರೇಯಸ್. ವ್ಯಂಗ್ಯವಾಡುವ ಮನುಷ್ಯನಲ್ಲ, ನಿಜವಾಗಿಯೂ ಗೊಂದಲಕ್ಕೆ ಬಿದ್ದಿದ್ದರು.

"ಇಲ್ಲ ಸರ್. ಸೇರಿಸಬೇಕು. ಔಷಧಿ ಇಡಿಯಾಗಿ ಇದೆಯಾ ಅಂತ ನಾವು ಕೇಳ್ತಿದ್ವಿ. ಅದಕ್ಕಿನ್ನೂ ಕೊಲ್ಲೋ ಶಕ್ತಿ ಇದೆಯಾ ಅಂತ ಕೇಳಬೇಕಿತ್ತು."

"ಆ ನಲವತ್ತು ನಿಮ್ಮದೇ ಲೆಕ್ಕ ಅಲ್ವಾ? ಅದಕ್ಕೆ ಪ್ರಶಸ್ತಿ ಬೇರೆ ಕೊಟ್ವಲ್ಲ."

"ಹೌದು ಸರ್, ನಂದೇ. ಅದು ತಪ್ಪು. ಇವತ್ತು ಸಾಯಂಕಾಲ ಊರಿಗೂ ಹೇಳ್ತೀನಿ. ಬೀದಿದೀಪ ಒಂದು ಬಿಟ್ಟು ಒಂದು ಉರಿದರೆ ಯಾರೂ ಸಾಯಲ್ಲ. ಲ್ಯಾಂಪು ಮಾತ್ರ ನಾನು ಇಳಿಸಲ್ಲ."

ಲೋಟಗಳನ್ನು ಇನ್ನೊಮ್ಮೆ ತೋರಿಸಿ ಎಂದು ಅತ್ತ ಕಡೆಯಿಂದ ಮಾತು ಬಂತು. ಆಮೇಲೆ ಶ್ರೇಯಸ್, ಸುತ್ತುವ ನೀರು ಕುಡಿಯುವ ಬೇರೆ ಊರುಗಳಿಗೂ ಇದೇ ಪರೀಕ್ಷೆ ಮಾಡಿಸಬೇಕು, ವಿವರ ಬರೆದು ಕಳಿಸಿ ಅಂದರು. ಹೋಗುವ ಮುಂಚೆ, ಉದ್ದು ಅಕ್ಕಿ ಎಷ್ಟಕ್ಕೆ ಎಷ್ಟು ಎಂದು ಕೇಳಿ ಬರೆದುಕೊಂಡರು.

ಸಾಯಂಕಾಲ ಊರವರ ಮುಂದೆ ಮೇದಿನಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಕೂಗಾಡಿದವರು ಕೂಗಾಡಿದರು. ಆಸ್ಪತ್ರೆಯ ಡಾಕ್ಟರು ಎದ್ದು, ಯಾರಿಗೂ ಗಾಬರಿ ಬೇಡ, ಹೊಟ್ಟೆಯ ಜೀವಾಣುಗಳು ನಿಧಾನವಾಗಿಯಾದರೂ ವಾಪಸು ಬರುತ್ತವೆ, ಎಲ್ಲರೂ ಬಂದು ಪರೀಕ್ಷೆ ಮಾಡಿಸಿಕೊಳ್ಳಿ, ದಿನಾ ಮಜ್ಜಿಗೆ ಕುಡಿಯಿರಿ ಅಂದರು. ಬೀದಿದೀಪ ಕಡಿಮೆಯಾಗುತ್ತದೆ ಎಂದದ್ದಕ್ಕೆ ಮಾತ್ರ ಯಾರೂ ಚಕಾರ ಎತ್ತಲಿಲ್ಲ.

ಮೇದಿನಿ ಮನೆಗೆ ಬಂದಾಗ ಸ್ಪಂದನಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರುಬ್ಬುತ್ತಿದ್ದರು. ಮಿಷನ್ ನಿಂತ ಮೇಲೆ ಹಿಟ್ಟನ್ನು ದೊಡ್ಡ ಪಾತ್ರೆಗೆ ಬಗ್ಗಿಸಿದರು. ಮೇದಿನಿ ಗೆದ್ದು ಬಂದವಳ ಹುರುಪಿನಲ್ಲಿ ಲೋಟಗಳ ಕಥೆಯನ್ನೆಲ್ಲ ಹೇಳಿದಳು. "ನಿಮ್ಮ ಕೈಗೆ ಏನೂ ಆಗಿರಲಿಲ್ಲ ಅತ್ತೆ. ತಪ್ಪು ಪೂರ್ತಿ ನೀರಿಂದು."

"ಆ ಲೋಟದ ಹಿಟ್ಟು ಯಾರು ಕಲಸಿದ್ರು?"

"ನಾನೇ. ಸೌಟಲ್ಲಿ."

"ಸೌಟಲ್ಲಿ ಕಲಸಿದ್ದೂ ಉಬ್ತಾ?"

"ಚೆನ್ನಾಗೇ ಉಬ್ತು."

ಸ್ಪಂದನಮ್ಮ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ನಿಲ್ಲಿಸಿದರು. "ಹಂಗಾದ್ರೆ ಇಷ್ಟು ವರ್ಷ ಚೆನ್ನಾಗಿ ಬಂದಿದ್ದೂ ನನ್ನ ಕೈಯಿಂದ ಅಲ್ಲ ಅನ್ನು."

ಮೇದಿನಿಯ ಹುರುಪು ಅಲ್ಲೇ ಇಳಿಯಿತು. ಕೆಡಿಸಿದ್ದು ಕೈಯಲ್ಲ ಎಂದು ಸಾಬೀತು ಮಾಡುವ ಭರದಲ್ಲಿ ಉಬ್ಬಿಸಿದ್ದೂ ಕೈಯಲ್ಲ ಎಂದು ಹೇಳಿಬಿಟ್ಟಿದ್ದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಈ ವಾರವಂತೂ ಬರುವ ಹಾಗಿರಲಿಲ್ಲ.

"ನಂಗೆ ಗೊತ್ತಿಲ್ಲ ಅತ್ತೆ," ಎಂದಳು ಮೆಲ್ಲಗೆ. "ಉದ್ದಿನಲ್ಲೇ ಆ ಜೀವಾಣು ಇರ್ತವೆ. ಕೈಯಲ್ಲೂ ಇರ್ತವೆ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ನಿಮ್ಮ ಕೈದು ಎಷ್ಟು ಪಾಲು ಅಂತ ಯಾರೂ ನೋಡಿಲ್ಲ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಅರಳಿತು. "ನೋಡೋಕೆ ಆಗುತ್ತೆ ಆದ್ರೆ! ಒಂದೇ ಹಿಟ್ಟು, ಎರಡು ಪಾತ್ರೆ. ಒಂದು ಸೌಟಲ್ಲಿ ನಾನು, ಇನ್ನೊಂದು ಕೈಯಲ್ಲಿ ನೀವು. ಬೆಳಿಗ್ಗೆ ಅಳೆದರೆ ಗೊತ್ತಾಗೋಗುತ್ತೆ." ಆಗಲೇ ಅಟ್ಟಣಿಗೆಯಿಂದ ಇನ್ನೊಂದು ಪಾತ್ರೆ ಇಳಿಸಿದ್ದಳು.

ಸ್ಪಂದನಮ್ಮ ಆ ಖಾಲಿ ಪಾತ್ರೆಯನ್ನು ನೋಡಿದರು, ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಜೋರಾಗಿ ನಕ್ಕರು. ತಿಂಗಳುಗಳಿಂದ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ.

"ನೀರಿಗೆ ಎಷ್ಟು ಬೇಕಾದ್ರೂ ಮೀಟರ್ ಇಡಮ್ಮ, ಅದು ನಿನ್ನ ಕೆಲಸ. ನನ್ನ ಕೈಗೆ ಇಡಬೇಡ."

ಅಷ್ಟು ಹೇಳಿ, ಉಪ್ಪು ಸುರಿದು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಮೊಣಕೈವರೆಗೂ ಹಿಟ್ಟಿಗೆ ಕೈಯಿಳಿಸಿದರು.